ನೆನಪೂ ಪರಿಗ್ರಹವೇ?

ಬೇಸಿಗೆಯ ರಜೆ ಬಂತೆಂದರೆ ಮೊಮ್ಮಕ್ಕಳನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೋ ಮೂಡುಬಿದಿರೆಗೋ ಹೊರಡುವುದು ಅನೇಕ ಶ್ರಾವಕ ಕುಟುಂಬಗಳಲ್ಲಿ ನಡೆದುಬಂದ ರೂಢಿ. ಹಿಂದೆ ಇದಕ್ಕೆ ಪುಣ್ಯಸಂಪಾದನೆ, ಸಂಸ್ಕಾರ ಎಂಬ ಎರಡು ಕಾರಣಗಳನ್ನು ಹೇಳುತ್ತಿದ್ದರು. ಈಗ ಮೂರನೆಯದೊಂದು ಸೇರಿಕೊಂಡಿದೆ: ಮಕ್ಕಳಿಗೆ ಮುಂದೆ ಒಂದು ನೆನಪಿರಲಿ. ಮಾತು ನಿರ್ಮಲವಾಗಿಯೇ ಇದೆ. ಆದರೆ ಹಿರಿಯರ ಅಂತರಂಗದಲ್ಲಿ ಅದರ ಬೆನ್ನಿಗೆ ಇನ್ನೊಂದು ಮಾತು ಆಡದೆ ಉಳಿದಿರುತ್ತದೆ: ಆ ನೆನಪಿನಲ್ಲಿ ತಾನೂ ಇರಬೇಕು. ಈ ಆಸೆ ವಾತ್ಸಲ್ಯವೋ ಪರಿಗ್ರಹವೋ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಅಂದರೆ ಮಮತ್ವಭಾವದಲ್ಲಿ ಗುರುತಿಸಿದ್ದಾರೆ. ಹಾಗಾದರೆ ತೂಕವಿಲ್ಲದ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಗದ ನೆನಪೂ ಪರಿಗ್ರಹವಾಗಲು ಅಡ್ಡಿಯಿಲ್ಲ. ಅದೇ ಅಧ್ಯಾಯದಲ್ಲಿ ಸಲ್ಲೇಖನದ ಐದು ಅತಿಚಾರಗಳನ್ನು ಎಣಿಸುವಾಗ ಮಿತ್ರಾನುರಾಗ ಮತ್ತು ಸುಖಾನುಬಂಧಗಳೂ ಬರುತ್ತವೆ. ಸುಖಾನುಬಂಧವೆಂದರೆ ಹಿಂದೆ ಅನುಭವಿಸಿದ ಸುಖವನ್ನು ಮತ್ತೆ ಮತ್ತೆ ಸ್ಮರಿಸುವುದು. ವ್ರತಿಯು ಕಡೆಗಾಲದಲ್ಲಿ ಬಿಡಬೇಕಾದುದನ್ನು ಗೃಹಸ್ಥನು ಇಳಿವಯಸ್ಸಿನಲ್ಲಿ ಕೂಡಿಡಲು ಹೊರಡುತ್ತಾನೆ. ಅದೂ ತನ್ನ ಮನಸ್ಸಿನಲ್ಲಿ ಮಾತ್ರವಲ್ಲ, ಇನ್ನೂ ತನ್ನದೆಂಬುದನ್ನೇ ಅರಿಯದ ಮಗುವಿನ ಮನಸ್ಸಿನಲ್ಲಿ.

ಇಷ್ಟಕ್ಕೇ ಮೊಮ್ಮಕ್ಕಳ ಕೈಬಿಟ್ಟು ಮೂಲೆಯಲ್ಲಿ ಕುಳಿತುಕೊಳ್ಳಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಮುನಿಗೆ ಅಪರಿಗ್ರಹ ಮಹಾವ್ರತ; ಶ್ರಾವಕನಿಗೆ ಪರಿಗ್ರಹ ಪರಿಮಾಣದ ಅಣುವ್ರತ. ಹೊಲ, ಮನೆ, ಚಿನ್ನ, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳುವವರು ಮಮತೆಗೂ ಮಿತಿ ಹಾಕಿಕೊಳ್ಳಬಹುದೇ, ಹಾಕಿದರೆ ಎಲ್ಲಿ ಎಂಬುದೇ ಇಲ್ಲಿಯ ಕಷ್ಟ.

ಮಂಡಿನೋವಿನ ಅಜ್ಜನೊಬ್ಬರು ಎಂಟು ಮತ್ತು ಐದು ವರ್ಷದ ಮೊಮ್ಮಕ್ಕಳೊಡನೆ ವಿಂಧ್ಯಗಿರಿಯ ಬುಡಕ್ಕೆ ಬಂದರೆಂದು ಇಟ್ಟುಕೊಳ್ಳಬಹುದು. ಎದುರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಪಾದರಕ್ಷೆಗಳನ್ನು ಕೆಳಗೇ ಬಿಡಬೇಕು. ಏರಲಾರದವರಿಗೆ ಡೋಲಿ ಉಂಟು. ತನ್ನ ದೇಹದ ಭಾರವನ್ನು ಇತರರ ಹೆಗಲಿಗೆ ಹಾಕುವುದೆಂತು ಎಂದು ಕೆಲವರು ಹಿಂಜರಿಯುತ್ತಾರೆ; ಅದು ಹೊರುವವರ ಜೀವನೋಪಾಯವೆಂಬುದನ್ನೂ ನೆನೆಯಬೇಕು. ಡೋಲಿ ತಪ್ಪಲ್ಲ. ಹತ್ತುವುದು ದರ್ಶನಕ್ಕಾಗಿಯೋ, ಮೊಮ್ಮಕ್ಕಳ ಭಾವಚಿತ್ರದಲ್ಲಿ ನಡುವೆ ನಿಲ್ಲುವುದಕ್ಕಾಗಿಯೋ ಎಂಬುದು ಮಾತ್ರ ಅವರೊಬ್ಬರಿಗೇ ತಿಳಿದ ವಿಷಯ. ಬುಡದಲ್ಲೇ ಕುಳಿತರೆ, ಮಕ್ಕಳು ಮೊದಲ ಬಾರಿಗೆ ಬಾಹುಬಲಿಯನ್ನು ಕಾಣುವ ಗಳಿಗೆಯಲ್ಲಿ ಅಜ್ಜ ಇರುವುದಿಲ್ಲ. ಅದನ್ನು ಸಂತೋಷದಿಂದ ಒಪ್ಪುವುದು ಸುಲಭವಲ್ಲ.

ಆ ಗಳಿಗೆಯಾದರೂ ಮಗುವಿನದಾಗುವುದು ಹೇಗೆ? ಮತಿಜ್ಞಾನಕ್ಕೆ ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ನಾಲ್ಕು ಹಂತಗಳಿವೆ. ಏನೋ ಒಂದು ತೋರುತ್ತದೆ; ಅದೇನೆಂದು ಅರಿಯುವ ಬಯಕೆ ಹುಟ್ಟುತ್ತದೆ; ನಿಶ್ಚಯವಾಗುತ್ತದೆ; ಆಮೇಲೆ ಅದು ನೆಲೆನಿಲ್ಲುತ್ತದೆ. ಈ ಧಾರಣೆಯೇ ಮುಂದಿನ ಸ್ಮೃತಿಗೆ ಕಾರಣ. ಐವತ್ತೆಂಟು ಅಡಿಯ ಮೂರ್ತಿಯತ್ತ ಮಗು ಕತ್ತೆತ್ತುವಷ್ಟರಲ್ಲೇ ‘ಇತ್ತ ತಿರುಗು, ನಗು’ ಎಂದು ಮೊಬೈಲ್ ಫೋನು ಹಿಡಿಯುವವರು ನೆನಪನ್ನು ಕಾಯುತ್ತಿಲ್ಲ, ಅವಗ್ರಹವನ್ನೇ ಕೆಡಿಸುತ್ತಿದ್ದಾರೆ. ಚಿತ್ರ ಉಳಿಯುತ್ತದೆ, ಕಂಡದ್ದು ಉಳಿಯುವುದಿಲ್ಲ.

ಎಳೆಯ ಮಕ್ಕಳೊಡನೆ ಹಿರಿಯರು ನಡೆದುದನ್ನು ಕುರಿತು ವಿವರವಾಗಿ ಮಾತನಾಡಿದರೆ, ಅವರ ಉತ್ತರಕ್ಕೆ ಕಾದರೆ ಅವರ ನೆನಪು ಬಲವಾಗುತ್ತದೆಂದು ಇಂದಿನ ಮನಶ್ಶಾಸ್ತ್ರವೂ ಕಂಡುಕೊಂಡಿದೆ. ಬುಡದಲ್ಲಿ ಕುಳಿತ ಅಜ್ಜನಿಗೆ ಈ ಕೆಲಸ ಮಿಕ್ಕೆಲ್ಲರಿಗಿಂತ ಚೆನ್ನಾಗಿ ಒದಗುತ್ತದೆ; ಅವರು ನಿಜವಾಗಿಯೂ ನೋಡಿಲ್ಲವಾದ್ದರಿಂದ ಅವರ ಪ್ರಶ್ನೆಗಳು ನಿಜವಾದ ಪ್ರಶ್ನೆಗಳು. ಏನು ಕಂಡೆ ಎಂದು ಕೇಳಿದಾಗ ಐದು ವರ್ಷದ ಮಗು ಇರುವೆಗಳ ಸಾಲನ್ನೋ ಅಂಗಾಲು ಸುಟ್ಟುದನ್ನೋ ಹೇಳಬಹುದು, ಬಾಹುಬಲಿಯ ಹೆಸರೇ ಬಾರದಿರಬಹುದು. ಇಲ್ಲಿ ಅಜ್ಜನಿಗೆ ನಿರಾಸೆಯಾಗುತ್ತದೆ. ಒಡನೆಯೇ ಭರತ–ಬಾಹುಬಲಿಯರ ಕಥೆಯನ್ನು ತುಂಬಿ ಇರುವೆಗಳನ್ನು ಅಳಿಸಿಹಾಕುವ ಆತುರ ಹುಟ್ಟುತ್ತದೆ. ಆ ಆತುರದಲ್ಲಿ ಮಗುವಿನ ಕಾಣ್ಕೆಗೆ ಹಿರಿಯರು ಒಡೆತನ ಹೂಡುತ್ತಾರೆ. ಮೆಟ್ಟಿಲಿನ ಮೇಲಿನ ಇರುವೆಯನ್ನು ತುಳಿಯದೆ ದಾಟಿದ ಮಗುವಿಗೆ ಕಥೆ ನಾಳೆ ದೊರೆತರೂ ನಷ್ಟವಿಲ್ಲ.

ಮೇಲೆ ಗೊಮ್ಮಟನ ಆವರಣದ ಎದುರಿಗೆ ನಿಂತಿರುವ ಅಜ್ಜಿಯನ್ನು ಮಕ್ಕಳು ತಪ್ಪದೆ ಗಮನಿಸುತ್ತಾರೆ, ಅವಳು ಅಜ್ಜಿಯೆಂಬ ಕಾರಣಕ್ಕೇ. ಚಾವುಂಡರಾಯನು ಮಾಡಿಸಿದ ಅಭಿಷೇಕದ ಹಾಲು ಪಾದದವರೆಗೆ ಇಳಿಯದೆ ನಿಂತಾಗ, ಗುಳ್ಳಕಾಯಿಯ ಕರಟದಲ್ಲಿ ಅವಳು ತಂದ ತುಸು ಹಾಲು ಇಡೀ ಮೂರ್ತಿಯನ್ನು ತೋಯಿಸಿತೆಂಬುದು ಐತಿಹ್ಯ. ಕೂಷ್ಮಾಂಡಿನಿ ದೇವಿಯೇ ಆ ರೂಪದಲ್ಲಿ ಬಂದಳೆಂದೂ ಹೇಳುವರು. ಕಥೆಯಲ್ಲಿ ಆಕೆ ತನ್ನ ಹೆಸರು ಹೇಳುವುದಿಲ್ಲ, ಯಾರೂ ತನ್ನನ್ನು ನೆನೆಯಲೆಂದು ಕೇಳುವುದೂ ಇಲ್ಲ. ಕೈಯಲ್ಲಿದ್ದ ಕಾಯಿಯ ಹೆಸರೇ ಅವಳ ಹೆಸರಾಗಿ, ಗುಳ್ಳಕಾಯಜ್ಜಿಯೆಂದು ಉಳಿದಿದೆ.

ಇನ್ನು ಎರಡು ವರ್ಷದ ಕೂಸಿನ ಸಂಗತಿ. ಮೂರು ವರ್ಷಕ್ಕೆ ಮೊದಲಿನ ಘಟನೆಗಳು ಬೆಳೆದವರ ನೆನಪಿನಲ್ಲಿ ಸಾಮಾನ್ಯವಾಗಿ ಉಳಿಯುವುದಿಲ್ಲ. ಅಂಥ ಮಗುವಿನ ಪಾಲಿಗೆ ಬೆಟ್ಟವೂ ಇಲ್ಲ, ಅಜ್ಜಿಯ ತೋಳೂ ಇಲ್ಲ. ಆದರೂ ಅಜ್ಜಿಯರು ಅದನ್ನು ಸೊಂಟದ ಮೇಲಿಟ್ಟುಕೊಂಡು, ಸೆರಗಿನಿಂದ ಬಿಸಿಲು ಮರೆಮಾಡಿ, ಮೆಟ್ಟಿಲಿಗೊಮ್ಮೆ ನಿಂತು ಏರುತ್ತಾರೆ. ಹೊತ್ತು ಮುಳುಗುವ ಮೊದಲು ಬುತ್ತಿ ಬಿಚ್ಚಿ ಅದಕ್ಕೇ ಮೊದಲ ತುತ್ತು ಇಡುತ್ತಾರೆ.