ಗುಟ್ಟು ಕಾಯುವುದು ಎಲ್ಲಿಯವರೆಗೆ?

ಪರಿಚಯದ ಹುಡುಗನೊಬ್ಬ "ಬದುಕು ಬೇಡವಾಗಿದೆ, ಯಾರಿಗೂ ಹೇಳಬೇಡಿ" ಎಂದರೆ ಕೊಟ್ಟ ಮಾತು ಉಳಿಸಬೇಕೋ, ಮುರಿಯಬೇಕೋ? ಅಕ್ಕಲಕೋಟ, ಜತ್ತ ಕಡೆಯ ನಮ್ಮ ವ್ಯಾಪಾರಸ್ಥರಿಗೆ ಮಾತೇ ಬಂಡವಾಳ. ಚೀಟಿಯಿಲ್ಲದೆ ಉದ್ರಿ ನಡೆಯುತ್ತದೆ. ಆದರೂ ಇಲ್ಲಿ ಮಾತು ಮುರಿಯಲೇಬೇಕೆಂದು ನಮ್ಮ ಅಭಿಪ್ರಾಯ. ಊರಿಗೆಲ್ಲ ಸಾರಬೇಕೆಂದಲ್ಲ. ಅವನಿಗೆ ತಿಳಿಸಿಯೇ, ಅವನು ನಂಬುವ ಒಬ್ಬ ಹಿರಿಯರಿಗೆ, ವೈದ್ಯರಿಗೆ ಹೇಳಬೇಕು. ಅಲ್ಲಿಯವರೆಗೆ ಅವನನ್ನು ಒಂಟಿಯಾಗಿ ಬಿಡಬಾರದು. ಸಾಯುವ ವಿಚಾರವಿದೆಯೇ ಎಂದು ನೇರವಾಗಿ ಕೇಳಿದರೆ ಅದೇ ತಲೆಗೆ ಹೊಕ್ಕೀತೆಂಬ ಭಯ ಹಲವರಿಗಿದೆ. ಹಾಗಾಗುವುದಿಲ್ಲ ಎನ್ನುತ್ತಾರೆ ಮನೋವೈದ್ಯರು; ಎದೆಯ ಭಾರ ಇಳಿಯುವುದೇ ಹೆಚ್ಚು.

"ಪೊಲೀಸ್ ಕೇಸಾದೀತು, ಮುಂದೆ ಹೆಣ್ಣು ಕೊಡುವವರಾರು?" ಎಂದು ಮನೆಯವರೂ ಮುಚ್ಚಿಡುತ್ತಾರೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ ಹಳೆಯ 309ನೆಯ ಕಲಮು 2024ರ ಜುಲೈ 1ರಂದು ಜಾರಿಯಾದ ಹೊಸ ಸಂಹಿತೆಯಲ್ಲಿಲ್ಲ. ಅಂಥವರಿಗೆ ಚಿಕಿತ್ಸೆ ಕೊಡುವುದು ಸರಕಾರದ ಕರ್ತವ್ಯವೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಎರಡನೆಯ ಅಂಜಿಕೆಗೆ ಕಾಯ್ದೆಯಲ್ಲಿ ಮದ್ದಿಲ್ಲ. ಬೀಗತನ ಮಾಡುವವರು ನಾವೇ ಅಲ್ಲವೇ?

2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಟೆಲಿ ಮಾನಸ್ ಆರಂಭಿಸಿದೆ. 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು. ಶಾಲೆ ಮರಾಠಿಯಲ್ಲಿ ಕಲಿತರೂ ದುಃಖ ಕನ್ನಡದಲ್ಲಿ ಬರುವ ನಮ್ಮ ಮಕ್ಕಳು ಕನ್ನಡವನ್ನೇ ಆರಿಸಿಕೊಳ್ಳಬಹುದು. ಈ ಸಂಖ್ಯೆಯನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ, ಹುಡುಗರ ಕಣ್ಣಿಗೆ ಬೀಳುವಂತೆ ಬರೆಸಿರಿ.