ಒತ್ತಡಮಾಪಕದ ಸೊನ್ನೆ ಮತ್ತು ಅಭಾವದ ಪ್ರಶ್ನೆ

ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ ಸಮನಾಗಿ ಹರಡಿದಾಗ ಉಂಟಾಗುವ ಒತ್ತಡವೇ ಒಂದು ಪಾಸ್ಕಲ್. ಅಂಥ 1,00,000 ಪಾಸ್ಕಲ್‌ಗಳು ಸೇರಿದರೆ ಒಂದು ಬಾರ್, ಸುಮಾರು 6,895 ಸೇರಿದರೆ ಒಂದು ಪಿಎಸ್‌ಐ, ಅಂದರೆ ಚದರ ಅಂಗುಲಕ್ಕೆ ಒಂದು ಪೌಂಡ್ ಬಲ. ಇಂಥ ಏಕಮಾನಗಳ ನಡುವಿನ ಪರಿವರ್ತನೆ ಬರಿಯ ಗುಣಾಕಾರ. ಅದರಿಂದ ಅಂಕಿ ಬದಲಾಗುತ್ತದೆಯೇ ಹೊರತು ಒತ್ತಡ ಬದಲಾಗುವುದಿಲ್ಲ. ಒಂದು ಒತ್ತಡ ಇನ್ನೊಂದರ ಎರಡು ಪಟ್ಟಿದ್ದರೆ ಯಾವ ಏಕಮಾನದಲ್ಲಿ ಅಳೆದರೂ ಎರಡು ಪಟ್ಟೇ ಆಗಿರುತ್ತದೆ. ಆದ್ದರಿಂದ ಅಳತೆಯೆಲ್ಲ ಮನುಷ್ಯರ ಒಡಂಬಡಿಕೆಯಷ್ಟೇ ಎಂದು ವಾದಿಸುವವರಿಗೆ ಏಕಮಾನಗಳ ಈ ಬಾಹುಳ್ಯದಿಂದ ಹೆಚ್ಚಿನ ಆಸರೆ ಸಿಗದು.

ತೊಡಕಿರುವುದು ಸೊನ್ನೆಯಲ್ಲಿ. ಕಾರ್ಖಾನೆಯ ಬಾಯ್ಲರಿಗೂ ವಾಹನದ ಟಯರಿಗೂ ಹಚ್ಚುವ ಸಾಮಾನ್ಯ ಮಾಪಕವು ಸುತ್ತಲಿನ ಗಾಳಿಯ ಒತ್ತಡವನ್ನೇ ಸೊನ್ನೆಯೆಂದು ಹಿಡಿದು ಅದಕ್ಕಿಂತ ಎಷ್ಟು ಹೆಚ್ಚೆಂಬುದನ್ನು ಮಾತ್ರ ತೋರಿಸುತ್ತದೆ. ಇದು ಗೇಜ್ ಒತ್ತಡ. ಏನೂ ಇಲ್ಲದ ಸ್ಥಿತಿಯಿಂದ ಎಣಿಸಿದ್ದು ನಿರಪೇಕ್ಷ ಒತ್ತಡ. ಒಂದರಿಂದ ಇನ್ನೊಂದಕ್ಕೆ ದಾಟಲು ಗುಣಿಸಿದರೆ ಸಾಲದು, ಸ್ಥಳದ ವಾಯುಭಾರವನ್ನು ಕೂಡಿಸಬೇಕು, ಮತ್ತು ಆ ವಾಯುಭಾರ ಎಲ್ಲೆಡೆ ಒಂದೇ ಅಲ್ಲ: ಮಂಗಳೂರಿನ ಕಡಲತಡಿಯಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್ ಇದ್ದರೆ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸಿನಲ್ಲಿರುತ್ತದೆ. ಎರಡೂ ಊರುಗಳ ಮಾಪಕಗಳು ಸೊನ್ನೆ ತೋರಿಸುತ್ತಿರುವಾಗಲೂ ಅವು ಹೇಳುತ್ತಿರುವ ಸಂಗತಿ ಬೇರೆ ಬೇರೆ. ಕಡಲಮಟ್ಟದಲ್ಲಿ ಗೇಜ್ ಒತ್ತಡವನ್ನು 30ರಿಂದ 60 ಪಿಎಸ್‌ಐಗೆ ಏರಿಸಿದಾಗ ಒತ್ತಡ ಇಮ್ಮಡಿಯಾಯಿತೆಂದು ತೋರಿದರೂ, ನಿರಪೇಕ್ಷವಾಗಿ ಅದು 44.7ರಿಂದ 74.7ಕ್ಕೆ ಮಾತ್ರ ಏರಿರುತ್ತದೆ. ಉಷ್ಣತೆ ಬದಲಾಗದ ಅನಿಲದ ಗಾತ್ರವು ಅರ್ಧಕ್ಕೆ ಇಳಿಯದೆ ಸುಮಾರು ಐದರಲ್ಲಿ ಮೂರು ಪಾಲಿಗೆ ನಿಲ್ಲುವುದರಿಂದ, ಪ್ರಕೃತಿ ಮನ್ನಿಸುವುದು ಎರಡನೆಯ ಲೆಕ್ಕವನ್ನೇ. ಹೀಗೆ ಏಕಮಾನದ ಆಯ್ಕೆ ಅನುಕೂಲದ ಮಾತಾದರೆ, ನಿರಪೇಕ್ಷ ಸೊನ್ನೆಯ ಆಯ್ಕೆ ಅಸ್ತಿತ್ವದ ಬಗೆಗಿನ ಒಂದು ಹೇಳಿಕೆಯಾಗುತ್ತದೆ: ಏನೂ ಇಲ್ಲದ ಎಡೆಯೊಂದು ಇರಬಲ್ಲುದು ಎಂಬ ಹೇಳಿಕೆ.

ಯುರೋಪಿನಲ್ಲಿ ಇದು ಎಂಜಿನಿಯರರ ಪ್ರಶ್ನೆಯಾಗುವ ಮೊದಲು ಧರ್ಮಶಾಸ್ತ್ರಿಗಳ ಪ್ರಶ್ನೆಯಾಗಿತ್ತು. ಅರಿಸ್ಟಾಟಲ್ ಶೂನ್ಯವನ್ನು ಅಸಾಧ್ಯವೆಂದಿದ್ದನು. ಆದರೆ ನಿರ್ವಾತ ಉಳಿದುಬಿಡುತ್ತದೆಂಬ ಕಾರಣಕ್ಕೆ ದೇವರು ಜಗತ್ತನ್ನು ನೇರಗೆರೆಯಲ್ಲಿ ಸರಿಸಲಾರನೆಂಬ ಮತವನ್ನು ಪ್ಯಾರಿಸ್ಸಿನ ಬಿಷಪ್ 1277ರಲ್ಲಿ ಖಂಡಿಸಿದನು, ಏಕೆಂದರೆ ಅದು ದೇವರ ಶಕ್ತಿಗೇ ಮಿತಿ ಹಾಕಿದಂತಾಗುತ್ತಿತ್ತು. ಟೊರಿಚೆಲ್ಲಿ 1644ರಲ್ಲಿ ವಿವರಿಸಿದ ಪಾದರಸದ ನಳಿಗೆ ಈ ವಾದವನ್ನು ಕಣ್ಣೆದುರಿಗೆ ತಂದಿಟ್ಟಿತು. ಬೋರಲಾಗಿಟ್ಟ ಗಾಜಿನ ನಳಿಗೆಯಲ್ಲಿ ಪಾದರಸ ಸುಮಾರು 760 ಮಿಲಿಮೀಟರ್ ಎತ್ತರಕ್ಕೆ ಇಳಿದು ನಿಂತಾಗ, ಮೇಲೆ ಉಳಿದ ಜಾಗದಲ್ಲಿ ಏನಿತ್ತು? ಸೂಕ್ಷ್ಮದ್ರವ್ಯವಿದೆ ಎಂದು ಡೇಕಾರ್ಟ್ ಹೇಳಿದನು. ಜೆಸ್ವಿಟ್ ಪಾದ್ರಿ ನೊಯೆಲ್ ಕೂಡ ಅದು ಬರಿದಲ್ಲವೆಂದೇ ವಾದಿಸಿದನು.

ಬ್ಲೇಸ್ ಪಾಸ್ಕಲನ ಭಾವ ಫ್ಲೋರಿನ್ ಪೆರಿಯೆ 1648ರ ಸೆಪ್ಟೆಂಬರ್ 19ರಂದು ಪ್ಯುಯ್ ದ ದೋಮ್ ಬೆಟ್ಟವನ್ನೇರಿ ನೋಡಿದಾಗ, ಬುಡಕ್ಕಿಂತ ತುದಿಯಲ್ಲಿ ಪಾದರಸ ಮೂರು ಫ್ರೆಂಚ್ ಅಂಗುಲಗಳಿಗೂ ತುಸು ಹೆಚ್ಚು, ಎಂದರೆ ಸುಮಾರು 85 ಮಿಲಿಮೀಟರ್, ತಗ್ಗಿತ್ತು. ಕೆಳಗೆ ಕ್ಲೆರ್ಮೊಂದಿನ ಮಠವೊಂದರಲ್ಲಿ ಇನ್ನೊಂದು ನಳಿಗೆಯನ್ನಿಟ್ಟು ಸನ್ಯಾಸಿಯೊಬ್ಬನು ದಿನವಿಡೀ ಕಾಯುತ್ತಿದ್ದನು. ಅದರಲ್ಲಿ ಪಾದರಸ ಕದಲಲಿಲ್ಲ. (ಶೂನ್ಯದ ಪರವಾದ ಸಾಕ್ಷ್ಯಕ್ಕೆ ಮಠವೇ ನೆರಳು ಕೊಟ್ಟದ್ದು, ಆ ಕಾಲದ ವಾದವನ್ನು ಧರ್ಮ ಮತ್ತು ವಿಜ್ಞಾನಗಳ ಜಗಳವೆಂದಷ್ಟೇ ಓದುವವರು ಗಮನಿಸಬೇಕಾದ ಸಂಗತಿ.) ಹಳೆಯ ಮತದಂತೆ ಪ್ರಕೃತಿಗೆ ಶೂನ್ಯದ ಅಂಜಿಕೆಯಿದ್ದರೆ ಅದು ಬೆಟ್ಟದ ಬುಡದಲ್ಲಿ ಹೆಚ್ಚಾಗಿ ತುದಿಯಲ್ಲಿ ಕಡಿಮೆಯಾಗಲು ಕಾರಣವಿಲ್ಲ, ಗಾಳಿಯ ಭಾರವೇ ಪಾದರಸವನ್ನು ಎತ್ತಿ ಹಿಡಿದಿದೆಯೆಂದರೆ ಎಲ್ಲವೂ ಹೊಂದುತ್ತದೆ. ಪೆರಿಯೆ ಬಳಸಿದ ಅಂಗುಲ ಇಂದು ಬಳಕೆಯಲ್ಲಿಲ್ಲ, ಆ 85 ಮಿಲಿಮೀಟರನ್ನು ಈಗ ಸುಮಾರು 11 ಕಿಲೋಪಾಸ್ಕಲ್ ಎನ್ನಲಾಗುತ್ತದೆ. 1971ರಲ್ಲಿ ಒತ್ತಡದ ಅಂತರರಾಷ್ಟ್ರೀಯ ಏಕಮಾನಕ್ಕೆ ಪಾಸ್ಕಲನ ಹೆಸರೇ ಬಂದಿತು.

ಆದರೆ ಗಾಳಿಗೆ ಭಾರವಿದೆಯೆಂದು ತೋರಿಸಿದ ಮಾತ್ರಕ್ಕೆ ನಳಿಗೆಯ ಮೇಲ್ಭಾಗ ಬರಿದೆಂದು ಸಿದ್ಧವಾಗುವುದಿಲ್ಲ. ಇಲ್ಲಿ ಭಾರತದ ನ್ಯಾಯ-ವೈಶೇಷಿಕರ ಅಭಾವವಿಚಾರ ನೆರವಿಗೆ ಬರುತ್ತದೆ. ಅಭಾವವನ್ನು ಅವರು ಸ್ವತಂತ್ರ ಪದಾರ್ಥವೆಂದು ಎಣಿಸಿದರೂ, ಪ್ರತಿಯೋಗಿಯಿಲ್ಲದ, ಅಂದರೆ ಯಾವುದು ಇಲ್ಲವೋ ಅದರ ನಿರ್ದೇಶವಿಲ್ಲದ ಅಭಾವವನ್ನು ಒಪ್ಪಲಿಲ್ಲ. ನೆಲದ ಮೇಲೆ ಮಡಕೆಯಿಲ್ಲ ಎನ್ನಬಹುದು, ಬರಿದೇ ಇಲ್ಲ ಎನ್ನುವಂತಿಲ್ಲ. ಈ ಕಟ್ಟುಪಾಡಿನ ಪ್ರಕಾರ ಸೊನ್ನೆ ಒತ್ತಡವೆಂದವರು ಯಾವುದರ ಅಭಾವವೆಂಬುದನ್ನೂ ಹೇಳಬೇಕಾಗುತ್ತದೆ. ಗೇಜ್ ಸೊನ್ನೆಯಲ್ಲಿ ಇಲ್ಲವಾಗಿರುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸ. ನಿರಪೇಕ್ಷ ಸೊನ್ನೆಯಲ್ಲಿ ಇಲ್ಲವಾಗಿರುವುದು ಗೋಡೆಗೆ ಬಡಿಯುವ ಅಣುಗಳ ತಾಡನ.

ಗಮನಾರ್ಹವೆಂದರೆ ಪಾಸ್ಕಲನು 1647ರ ತನ್ನ ಪ್ರಯೋಗಗಳ ವರದಿಯಲ್ಲೇ ಇಂಥ ಎಚ್ಚರವನ್ನು ತೋರಿದ್ದನು: ಆ ಜಾಗದಲ್ಲಿ ಇಂದ್ರಿಯಗಳಿಗೆ ಗೋಚರವಾಗುವ, ಪ್ರಕೃತಿಯಲ್ಲಿ ತಿಳಿದಿರುವ ಯಾವ ದ್ರವ್ಯವೂ ಇಲ್ಲವೆಂದು ತೋರಿಸಿ, ಬೇರೆ ದ್ರವ್ಯವನ್ನು ಯಾರಾದರೂ ತೋರಿಸುವವರೆಗೆ ಅದು ನಿಜಕ್ಕೂ ಬರಿದೆಂದು ತಾನು ನಂಬುವುದಾಗಿ ಅವನು ನಿಲುವು ತಳೆದನು. ಅವನು ಗೆರೆ ಎಳೆದು ಹೇಳಿದ ಅಭಾವಕ್ಕೆ ಪ್ರತಿಯೋಗಿ ಇತ್ತು, ಆದ್ದರಿಂದಲೇ ಅದನ್ನು ತಿದ್ದಲು ಸಾಧ್ಯವಾಯಿತು: ನಳಿಗೆಯ ಆ ಬರಿದೆನಿಸಿದ ಜಾಗದಲ್ಲಿ ಪಾದರಸದ ಆವಿ ಇರುತ್ತದೆ, ಅದರ ಒತ್ತಡ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪಾಸ್ಕಲ್‌ನ ಆರನೆಯ ಒಂದು ಪಾಲಿನಷ್ಟು.