ಮೊದಲ ಬಂದವಗ ಕೀಲಿಕೈ

ಕಂಪ್ಯೂಟರಿಗೆ ವಿಂಡೋಸ್ ಆಗಲಿ ಉಬುಂಟು ಆಗಲಿ ಹೊಸದಾಗಿ ಹಾಕುವಾಗ ಅದು ಒಂದು ಹೆಸರು ಕೇಳುತ್ತದೆ. ಆಗ ಯಾರ ಹೆಸರು ಬರೆದರೋ ಅವರೇ ಅದರ ಯಜಮಾನರು, ಅಡ್ಮಿನ್. ಹೊಸ ಪ್ರೋಗ್ರಾಮ್ ಹಾಕೋದು, ಇನ್ನೊಬ್ಬರ ಖಾತೆ ತೆರೆಯೋದು, ಅಳಿಸೋದು, ಎಲ್ಲಾ ಅವರ ಕೈಯಾಗ. ಹಿಂದಿಂದ ಸೇರಿದವರು ಬರೇ ಬಳಸುವವರು. ಫೆಡೋರಾದ ಕೆಲವು ಆವೃತ್ತಿಯೊಳಗ ಒಂದು ಸಣ್ಣ ಚೌಕ ಇರತದ, ಇವರನ್ನು ಅಡ್ಮಿನ್ ಮಾಡಬೇಕೋ ಬ್ಯಾಡೋ ಅಂತ. ಕೇಳೋದರ ಕೇಳತದಲ್ಲ, ಅದು ನನಗ ಸೇರತದ.

ಮೊದಲ ಬಂದಾನ ಅನ್ನೋದಕ್ಕ ಯಜಮಾನಿಕೆ ಕೊಡೋದು ಯಾವ ನ್ಯಾಯ? ನಮ್ಮ ಮೇಳಕ್ಕ ಹೊಸ ಹುಡುಗ ಬಂದರೆ ಕೈಗೆ ತಾಳ ಕೊಟ್ಟು ಹಿಮ್ಮೇಳದಾಗ ನಿಂದ್ರಸತೀವಿ. ಆದರೆ ಮುಂದ ಹಾಡುವವ ಒಬ್ಬನೇ ಇದ್ದು, ಅವನ ಗಂಟಲು ಕಟ್ಟಿದರೆ ಅವತ್ತಿನ ಹಾಡಿಕೆ ಅಲ್ಲಿಗೇ ಮುಗೀತು. ನಮ್ಮ ವಾಚನಾಲಯದಾಗ ಆದದ್ದೂ ಇದೇ. ಉಬುಂಟು ಹಾಕಿಕೊಟ್ಟ ಹುಡುಗ ನೌಕರಿಗಂತ ಪುಣೆಗೆ ಹೋದ, ಪಾಸ್‌ವರ್ಡೂ ಅವನ ಕೂಡ ಹೋತು. ಕನ್ನಡ ಟೈಪ್ ಮಾಡುವ ಪ್ರೋಗ್ರಾಮ್ ಹಾಕಬೇಕಂದ್ರ ಆಗಲೊಲ್ಲದು. ಮರಾಠಿ ಮುಲುಕಿನಾಗ ಕನ್ನಡ ಸಾಲಿ ಮಕ್ಕಳು ತಮ್ಮ ಹೆಸರು ತಮ್ಮ ಅಕ್ಷರದಾಗ ಬರೀಲಿಕ್ಕೆ ನಾಕು ತಿಂಗಳು ಕಾಯಬೇಕಾತು.

ಹಂಗಾದ್ರ ಎಲ್ಲಾರನೂ ಅಡ್ಮಿನ್ ಮಾಡರಿ ಅಂದರು ಕೆಲವರು. ಅದು ನಾ ಒಪ್ಪೋದಿಲ್ಲ. ನಾವು ಯಾವ ಖಾತೆಯಾಗ ಕುಂತಿರತೀವೋ, ನಾವು ತೆರೆದ ಪ್ರೋಗ್ರಾಮಿಗೂ ಅದೇ ಖಾತೆಯ ಬಲ ಬರತದ. ಪೆನ್‌ಡ್ರೈವಿನಾಗ ಬಂದ ವೈರಸ್‌ಗೂ ಅಷ್ಟೇ. ಒಂದೇ ಪಾಸ್‌ವರ್ಡ್ ಗ್ವಾಡಿಗೆ ಬರೆದು ಹಚ್ಚೋದಂತೂ ಇನ್ನೂ ಕೆಟ್ಟದ್ದು; ಏನರ ಕೆಟ್ಟರೆ ಯಾರನ್ನ ಕೇಳೋದು?

ಸುಡೋ ಅಂತ ಒಂದು ಏರ್ಪಾಡು ಐತಿ, 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಾಗ ಹುಟ್ಟಿದ್ದು. ಉಬುಂಟುದಾಗ ನಡೆಯೋದು ಅದೇ. ಅಡ್ಮಿನ್ ಆದವರಿಗೂ ಅಧಿಕಾರ ಯಾವಾಗಲೂ ಮೈಮ್ಯಾಲೆ ಇರೋದಿಲ್ಲ. ದೊಡ್ಡ ಕೆಲಸಕ್ಕ ಕೈ ಹಚ್ಚಿದಾಗ ತಮ್ಮ ಪಾಸ್‌ವರ್ಡ್ ಕೊಟ್ಟು ಪಡಕೋಬೇಕು, ಯಾರು ಏನು ಹುಕುಂ ಕೊಟ್ಟರು ಅನ್ನೋದು ದಾಖಲೆಯಾಗ ಉಳೀತದ. ಬೀಗ ತೆಗೆದವರ ಹೆಸರು ವಹಿಯಾಗ ಬರೆದಿಟ್ಟಂಗ. ಹಿಂಗಿದ್ದರೆ ಇಬ್ಬರಿಗೆ ಕೀಲಿಕೈ ಕೊಡಾಕ ಅಂಜಿಕೆ ಯಾಕ?

ಈಗ ಎಲ್ಲಾ ಹೊಸದಾಗಿ ಹಾಕಿಸಿ ಇಬ್ಬರನ್ನ ಅಡ್ಮಿನ್ ಮಾಡೀವಿ. ಒಬ್ಬರು ವಾಚನಾಲಯ ನೋಡಿಕೊಳ್ಳುವ ಗುರುಗಳು, ಇನ್ನೊಬ್ಬಾಕಿ ಹನ್ನೊಂದನೇ ಇಯತ್ತೆ ಹುಡುಗಿ. 'ಹೆಣ್ಣುಹುಡುಗಿಗೆ ಯಾಕ, ನಾಳೆ ಲಗ್ನ ಆಗಿ ಹೋಗತಾಳ' ಅಂದರು ಹಿರಿಯರೊಬ್ಬರು. ಹೋಗೋ ಮುಂಚೆ ಇನ್ನೊಬ್ಬರ ಹೆಸರಿಗೆ ಅಧಿಕಾರ ಕೊಟ್ಟು ಹೋಗತೀನಿ ಅಂದಳು ಆಕಿ. ಪುಣೆಗೆ ಹೋದವ ಅಷ್ಟೂ ಮಾಡಿರಲಿಲ್ಲ.